ಆಫ್ರಿಕಾ ಅಧ್ಯಯನದಲ್ಲಿ ಎಂ.ಎ., ಪಿಎಚ್‌.ಡಿ. ಮಾಡುವವರಿಗೆ: ವಿಷಯ, ಭಾಷೆ, ಖರ್ಚು, ಕಡತ

‘ಆಫ್ರಿಕಾ ಬಗ್ಗೆ ಓದಬೇಕು’ ಎಂದು ಅರ್ಜಿಯಲ್ಲಿ ಬರೆದರೆ ಅದನ್ನು ಓದುವ ಪ್ರಾಧ್ಯಾಪಕರು ಮೊದಲು ಕೇಳುವುದು ‘ಯಾವ ಆಫ್ರಿಕಾ?’ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅಲ್ಲಿ 54 ದೇಶ, ಆಫ್ರಿಕನ್ ಒಕ್ಕೂಟದ ಲೆಕ್ಕದಲ್ಲಿ 55. ಪಶ್ಚಿಮ ಸಹಾರಾದ ಸಹ್ರಾವಿ ಗಣರಾಜ್ಯ ಒಕ್ಕೂಟದ ಸದಸ್ಯ, ವಿಶ್ವಸಂಸ್ಥೆಯ ಸದಸ್ಯ ಅಲ್ಲ. ಇದೇ ಜಗಳಕ್ಕೆ ಮೊರಾಕೊ 1984ರಲ್ಲಿ ಆಗಿನ ಆಫ್ರಿಕನ್ ಐಕ್ಯತಾ ಸಂಘಟನೆಯಿಂದ ಎದ್ದುಹೋಗಿ, 2017ರಲ್ಲಷ್ಟೇ ಒಕ್ಕೂಟಕ್ಕೆ ಮರಳಿತು. ಎಷ್ಟು ದೇಶ ಎಂಬ ಸಂಖ್ಯೆ ಬರೆಯುವಾಗಲೇ ನೀವು ಒಂದು ಪಕ್ಷದಲ್ಲಿ ನಿಂತಿರುತ್ತೀರಿ. ಗೊತ್ತಿದ್ದೂ ಬರೆದರೆ ಸರಿ, ಗೊತ್ತಿಲ್ಲದೆ ಬರೆದರೆ ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತೀರಿ.

ವಿಷಯವನ್ನು ಕಿರಿದು ಮಾಡುವುದು

ವಿಶ್ವವಿದ್ಯಾಲಯ ಹುಡುಕುವುದು ಆಮೇಲೆ. ಮೊದಲು ಒಂದು ಜಾಗ, ಒಂದು ಕಾಲಾವಧಿ, ಆ ಜಾಗದ ಒಂದು ಭಾಷೆ, ಕೈಗೆ ಸಿಗುವ ಒಂದು ಆಕರ, ಈ ನಾಲ್ಕೂ ಎರಡು ಸಾಲಿನಲ್ಲಿ ಕೂರಬೇಕು. ‘ಆಫ್ರಿಕಾದ ಮೇಲೆ ಭಾರತದ ಪ್ರಭಾವ’ ಅನ್ನುವುದು ಸಂಶೋಧನೆಯ ವಿಷಯವಲ್ಲ, ವಿಚಾರ ಸಂಕಿರಣದ ಬ್ಯಾನರ್. ‘1948ರಿಂದ 1954ರವರೆಗೆ ನೈರೋಬಿಯ ಭಾರತೀಯ ಕಮಿಷನರ್ ಕಚೇರಿ ಆಫ್ರಿಕನ್ ವಿದ್ಯಾರ್ಥಿಗಳಿಗೆ ಕೊಡಿಸಿದ ವಿದ್ಯಾರ್ಥಿವೇತನ ಮತ್ತು ಅದನ್ನು ವಸಾಹತು ಸರ್ಕಾರ ನೋಡಿದ ಬಗೆ’ ಅಂದರೆ ವಿಷಯವಾಯಿತು. ಅವಧಿಗೆ ಕಾರಣವಿದೆ: ಭಾರತದ ಮೊದಲ ಕಮಿಷನರ್ ಅಪ್ಪಾ ಪಂತ್ ಅಲ್ಲಿದ್ದದ್ದು ಆ ವರ್ಷಗಳಲ್ಲಿ. ಎರಡು ಕಡೆಯ ಕಡತಗಳಲ್ಲೂ ಹುಡುಕಬಹುದು. ಭಾರತದ ವಿದೇಶಾಂಗ ಇಲಾಖೆಯ ಹಳೆಯ ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿವೆ, ಬ್ರಿಟಿಷರ ಪೂರ್ವ ಆಫ್ರಿಕಾ ಪತ್ರವ್ಯವಹಾರ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಸಿಒ 822’ ಸರಣಿಯಲ್ಲಿದೆ.

ವಿಷಯ ನಿಲ್ಲುತ್ತದೋ ಇಲ್ಲವೋ ಎಂದು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ರಾಷ್ಟ್ರೀಯ ಅಭಿಲೇಖಾಲಯದ ‘ಅಭಿಲೇಖ್ ಪಟಲ್’ ಜಾಲತಾಣ, ಕ್ಯೂನ ಆನ್‌ಲೈನ್ ಕ್ಯಾಟಲಾಗ್ ಎರಡನ್ನೂ ತೆರೆದು ಒಂದು ಸಂಜೆ ಹುಡುಕಿ. ನಿಮ್ಮ ವಿಷಯಕ್ಕೆ ನೇರವಾಗಿ ಸೇರುವ ಹತ್ತು ಹನ್ನೆರಡು ಕಡತ ಸಂಖ್ಯೆಯಾದರೂ ಸಿಗಬೇಕು. ಎರಡೇ ಸಿಕ್ಕಿದರೆ ಎಂ.ಎ. ಪ್ರಬಂಧಕ್ಕೂ ಸಾಲದು. ನಾನೂರು ಸಿಕ್ಕಿದರೆ ಇನ್ನೂ ಕಿರಿದು ಮಾಡಿ. ಈ ಸಂಖ್ಯೆಗಳಲ್ಲಿ ಎರಡು ಮೂರನ್ನು ಅರ್ಜಿಯ ಉದ್ದೇಶ ಪತ್ರದಲ್ಲಿ ಹಾಕಿದರೆ ಆ ಖಂಡದ ಬಗ್ಗೆ ನಿಮಗೆಷ್ಟು ಪ್ರೀತಿ ಎಂದು ಬರೆದ ಇಡೀ ಪ್ಯಾರಾಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ ಸಹಜವಾಗಿ ಹೊಳೆಯುವ ವಿಷಯ ಸಿದ್ದಿಯರದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಿಗೆ ಬಸ್ಸಿನಲ್ಲೇ ಹೋಗಬಹುದು, ಮಾತಾಡಲು ಕನ್ನಡ, ಕೊಂಕಣಿ ಸಾಕು. ಆದರೆ ಅದು ಆಫ್ರಿಕನ್ ವಲಸೆಸಂತತಿಯ ಅಧ್ಯಯನ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕ ಮೇಲೆ ಏನಾಯಿತು ಎಂದು ಕೇಳುವುದಾದರೆ ಅದಕ್ಕೆ ಸಮಾಜಶಾಸ್ತ್ರ ವಿಭಾಗವೇ ಸರಿಯಾದ ಜಾಗ. ಅವರ ಹಿರಿಯರು ಯಾವ ತೀರದಿಂದ ಹೇಗೆ ಬಂದರು ಎಂಬ ಪ್ರಶ್ನೆಯಾದರೆ ದಾರಿ ಪೋರ್ಚುಗೀಸ್ ಗೋವಾದ ಮೇಲೆ ಹೋಗುತ್ತದೆ. ಆಗ ಬೇಕಾದದ್ದು ಪಣಜಿಯ ಐತಿಹಾಸಿಕ ಪತ್ರಾಗಾರ ಮತ್ತು ಹಳೆಯ ಪೋರ್ಚುಗೀಸ್ ಕೈಬರಹ ಓದುವ ಅಭ್ಯಾಸ. ಕನ್ನಡ ಬಂದರೆ ಸಾಕು ಅಂದುಕೊಂಡು ಹೊರಟವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ.

ಭಾಷೆ ಮೊದಲು

ತರಗತಿ ಶುರುವಾದ ಮೇಲೆ ಭಾಷೆ ಕಲಿತರಾಯಿತು ಅನ್ನುವ ಲೆಕ್ಕಾಚಾರ ಒಂದು ವರ್ಷದ ಎಂ.ಎ.ಯಲ್ಲಿ ಯಾವತ್ತೂ ಕೂಡಿಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಶುರುವಾದ ಕೋರ್ಸಿನಲ್ಲಿ ಮೇ ಬರುವಷ್ಟರಲ್ಲಿ ಕ್ಷೇತ್ರಕ್ಕೆ ಹೊರಡಬೇಕು. ಸೇರುವ ಮೊದಲೇ ಆರು ತಿಂಗಳು, ವಾರಕ್ಕೆ ನಾಲ್ಕೈದು ಗಂಟೆ ಹಾಕಿಟ್ಟರೆ ವಿಶ್ವವಿದ್ಯಾಲಯದಲ್ಲಿ ಎರಡನೇ ಹಂತದಿಂದ ಆರಂಭಿಸಬಹುದು. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗ ಸ್ವಾಹಿಲಿ ಕಲಿಸುತ್ತದೆ. ದೆಹಲಿಯಲ್ಲಿ ಇಲ್ಲದವರು ಕೀನ್ಯಾ, ತಾಂಜಾನಿಯಾದ ಶಿಕ್ಷಕರಿಂದ ವಿಡಿಯೊ ಪಾಠ ತೆಗೆದುಕೊಳ್ಳಬಹುದು.

ಸ್ವಾಹಿಲಿ ಕನ್ನಡಿಗರಿಗೆ ಅಂದುಕೊಂಡಷ್ಟು ದೂರದ ಭಾಷೆಯಲ್ಲ. ನಮ್ಮ ಹಾಗೇ ಒಂದೇ ಕ್ರಿಯಾಪದದೊಳಗೆ ಇಡೀ ವಾಕ್ಯ ಪೋಣಿಸುತ್ತದೆ, ಆದರೆ ಪೋಣಿಸುವುದು ಮುಂದಿನಿಂದ. ‘ನಿತಾಕುಪಿಕಿಯಾ’ ಎಂಬ ಒಂದು ಪದ ಬಿಡಿಸಿ: ನಿ ಅಂದರೆ ನಾನು, ತಾ ಭವಿಷ್ಯತ್ಕಾಲ, ಕು ಅಂದರೆ ನಿನಗೆ, ಪಿಕ್ ಅಂದರೆ ಅಡುಗೆ ಮಾಡು, ಅದರ ನಂತರದ ‘ಇ’ ನಮ್ಮ ‘ಕೊಡು’ ಮಾಡುವ ಕೆಲಸ ಮಾಡುತ್ತದೆ, ಕಡೆಯ ‘ಆ’ ಕ್ರಿಯಾಪದದ ಬಾಲ. ಒಟ್ಟು ‘ನಿನಗೆ ಅಡುಗೆ ಮಾಡಿಕೊಡುತ್ತೇನೆ’. ನಮ್ಮಲ್ಲಿ ‘-ಏನೆ’ ಕಡೆಗೆ ಬಂದು ನಾನು ಎಂದು ಹೇಳಿದರೆ ಅಲ್ಲಿ ‘ನಿ’ ಮೊದಲೇ ಹೇಳಿಬಿಡುತ್ತದೆ. ಪದಗಳಲ್ಲೂ ನೆಂಟಸ್ತಿಕೆ ಇದೆ. ದುಡ್ಡಿಗೆ ಪೆಸಾ, ಲಕ್ಷಕ್ಕೆ ಲಾಕಿ, ಅಂಗಡಿಗೆ ದುಕಾ, ಗೋಣಿಚೀಲಕ್ಕೆ ಗುನಿಯಾ. ಹಿಂದೂ ಮಹಾಸಾಗರದ ವ್ಯಾಪಾರ ಬಿಟ್ಟುಹೋದ ಗುರುತುಗಳಿವು.

ತೊಡಕು ಬರುವುದು ನಾಮಪದದ ಗುಂಪುಗಳಲ್ಲಿ. ಪುಸ್ತಕ ‘ಕಿತಾಬು’, ಪುಸ್ತಕಗಳು ‘ವಿತಾಬು’. ಗುಂಪಿನ ಮುದ್ರೆ ವಾಕ್ಯದ ಉದ್ದಕ್ಕೂ ಬೀಳುತ್ತದೆ. ಒಳ್ಳೆಯ ಪುಸ್ತಕ ಬಿದ್ದಿದೆ ಅನ್ನಲು ‘ಕಿತಾಬು ಕಿಜೂರಿ ಕಿಮೆಅಂಗುಕಾ’, ಪುಸ್ತಕಗಳು ಬಿದ್ದಿವೆ ಅನ್ನಲು ‘ವಿತಾಬು ವಿಜೂರಿ ವಿಮೆಅಂಗುಕಾ’. ಹೊಸಬರು ‘ವಿತಾಬು’ ಪದವನ್ನು ನಿಘಂಟಿನ ‘ವಿ’ ಅಕ್ಷರದಲ್ಲಿ ಹುಡುಕಿ ಸಿಗಲಿಲ್ಲ ಅನ್ನುತ್ತಾರೆ. ಅದಿರುವುದು ‘ಕಿ’ಯಲ್ಲಿ. ‘ವಾಲಿಮು’ ಅಂದರೆ ಶಿಕ್ಷಕರು, ನೋಡಬೇಕಾದದ್ದು ‘ಮ್ವಾಲಿಮು’. ಕ್ರಿಯಾಪದಗಳಿಗೆ ಮುಂದಿನದೆಲ್ಲ ಕಳಚಿ ಧಾತುವಿನಲ್ಲಿ ನೋಡಬೇಕು. ಮೊದಲ ತಿಂಗಳು ಬೇರೇನೂ ಬೇಡ, ದಿನಕ್ಕೆ ಹತ್ತು ಪದ ಹೀಗೆ ಕಳಚಿ ನಿಘಂಟಿನಲ್ಲಿ ಹುಡುಕುವ ಅಭ್ಯಾಸವೊಂದೇ ಸಾಕು.

ಇಥಿಯೋಪಿಯಾಕ್ಕೆ ಅಂಹಾರಿಕ್ ಬೇಕು. ಲಿಪಿ ನೋಡಿ ಹೆದರಬೇಡಿ, ಅದು ಕಾಗುಣಿತವೇ: ಒಂದೊಂದು ವ್ಯಂಜನಕ್ಕೆ ಏಳು ರೂಪ. ಕಾಗುಣಿತ ಬಾಯಿಪಾಠ ಮಾಡಿದವರಿಗೆ ಅದರ ಲೆಕ್ಕ ಬೇಗ ಹಿಡಿಸುತ್ತದೆ. ಯೊರುಬಾ ಬೇರೆ ತರಹದ ಕಷ್ಟ, ಅದರಲ್ಲಿ ಮೂರು ಶ್ರುತಿ. ಒಂದೇ ‘ಒಕೊ’ ಶ್ರುತಿ ಬದಲಾದರೆ ಗಂಡ, ಗುದ್ದಲಿ, ವಾಹನ ಆಗುತ್ತದೆ. ಟಿಪ್ಪಣಿ ಬರೆಯುವಾಗ ಶ್ರುತಿಯ ಗುರುತು ಬಿಟ್ಟರೆ ಆರು ತಿಂಗಳ ನಂತರ ನೀವು ಬರೆದದ್ದು ನಿಮಗೇ ಅರ್ಥವಾಗುವುದಿಲ್ಲ. ಸೆನೆಗಲ್, ಮಾಲಿ ಕಡೆಗೆ ಹೋಗುವವರಿಗೆ ಫ್ರೆಂಚ್, ಮೊಜಾಂಬಿಕ್, ಅಂಗೋಲಾಕ್ಕೆ ಪೋರ್ಚುಗೀಸ್ ಇಲ್ಲದೆ ಪತ್ರಾಗಾರದ ಕ್ಯಾಟಲಾಗ್ ಕೂಡ ಓದಲಾಗದು.

ಎಲ್ಲಿ ಓದುವುದು

ಹೆಸರು ನೋಡಿ ಆರಿಸಬೇಡಿ. ನಿಮ್ಮ ಭಾಷೆ ಅಲ್ಲಿ ಕಲಿಸುತ್ತಾರಾ, ನಿಮ್ಮ ದೇಶದ ಮೇಲೆ ಕೆಲಸ ಮಾಡುವವರು ಆ ವರ್ಷ ರಜೆಯ ಮೇಲಿಲ್ಲದೆ ಅಲ್ಲಿರುತ್ತಾರಾ, ಇವೆರಡನ್ನೂ ಇಮೇಲ್ ಮಾಡಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಲಂಡನ್ನಿನ ಸೋವಾಸ್ 1916ರಲ್ಲಿ ಪೌರ್ವಾತ್ಯ ಅಧ್ಯಯನ ಶಾಲೆಯಾಗಿ ಹುಟ್ಟಿತು, ‘ಆಫ್ರಿಕನ್’ ಹೆಸರಿಗೆ ಸೇರಿದ್ದು 1938ರಲ್ಲಿ. ಆಫ್ರಿಕನ್ ಭಾಷೆಗಳ ಬೋಧನೆ ಅದರ ಹಳೆಯ ಬಲ. ಎಡಿನ್‌ಬರದ ಕೇಂದ್ರ 1962ರದು. ಆಕ್ಸ್‌ಫರ್ಡ್‌ನಲ್ಲಿ ಆಫ್ರಿಕಾ ಅಧ್ಯಯನದ ಎಂ.ಎಸ್ಸಿ. ಇದೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ. ಸಾಮಾನ್ಯವಾಗಿ 180 ಕ್ರೆಡಿಟ್, ಅದರಲ್ಲಿ 60 ಬೇಸಿಗೆಯಲ್ಲಿ ಬರೆಯುವ ಪ್ರಬಂಧಕ್ಕೆ. ಪ್ರಬಂಧ 10,000ದಿಂದ 15,000 ಪದ. ನೆದರ್‌ಲೆಂಡ್ಸ್‌ನ ಲೈಡನ್ ಎರಡು ವರ್ಷದ ಸಂಶೋಧನಾ ಎಂ.ಎ. ಕೊಡುತ್ತದೆ, 120 ಯುರೋಪಿಯನ್ ಕ್ರೆಡಿಟ್. ಪಿಎಚ್‌.ಡಿ. ಯೋಚನೆ ಇರುವವರಿಗೆ ಒಂದು ವರ್ಷದ ಓಟಕ್ಕಿಂತ ಇದು ಒಳ್ಳೆಯದು. ಅಮೆರಿಕದಲ್ಲಿ ಹೆಚ್ಚಾಗಿ ಇತಿಹಾಸ, ಮಾನವಶಾಸ್ತ್ರ ಅಥವಾ ರಾಜ್ಯಶಾಸ್ತ್ರದ ಪಿಎಚ್‌.ಡಿ.ಗೆ ಸೇರಿ ಆಫ್ರಿಕಾವನ್ನು ಕ್ಷೇತ್ರವಾಗಿ ಆರಿಸಿಕೊಳ್ಳುವ ಪದ್ಧತಿ.

ನಮ್ಮವರ ಪಟ್ಟಿಯಲ್ಲಿ ಬಿಟ್ಟುಹೋಗುವುದು ಆಫ್ರಿಕಾದ ವಿಶ್ವವಿದ್ಯಾಲಯಗಳೇ. ಘಾನಾ ವಿಶ್ವವಿದ್ಯಾಲಯದ ಲೆಗಾನ್ ಆವರಣದಲ್ಲಿರುವ ಆಫ್ರಿಕನ್ ಅಧ್ಯಯನ ಸಂಸ್ಥೆಯನ್ನು 1963ರಲ್ಲಿ ಆಗಿನ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಉದ್ಘಾಟಿಸಿದರು. ಕಂಪಾಲಾದ ಮಕೆರೆರೆ ಸಾಮಾಜಿಕ ಸಂಶೋಧನಾ ಸಂಸ್ಥೆಯಲ್ಲಿ ತರಗತಿ ಪಾಠಗಳಿರುವ ಪಿಎಚ್‌.ಡಿ. ಇದೆ. ಅಲ್ಲಿದ್ದರೆ ಭಾಷೆ ಬೀದಿಯಲ್ಲೇ ಸಿಗುತ್ತದೆ, ಕ್ಷೇತ್ರಕ್ಕೆ ಬೇರೆ ವಿಮಾನ ಟಿಕೆಟ್ ಬೇಡ. ಲಂಡನ್ನಿನಲ್ಲಿ ಒಂದು ವರ್ಷ ಇರುವ ಖರ್ಚಿಗೆ ಹೋಲಿಸಿ ನೋಡಿ ತೀರ್ಮಾನಿಸಿ.

ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿಭಾಗ 1955ರದು, ಮುಂಬೈ ವಿಶ್ವವಿದ್ಯಾಲಯದ ಕೇಂದ್ರ 1971ರದು. ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯೊಳಗೆ ಆಫ್ರಿಕನ್ ಅಧ್ಯಯನ ಕೇಂದ್ರವಿದೆ. ಪಿಎಚ್‌.ಡಿ.ಗೆ ಯುಜಿಸಿ ನೆಟ್ ಬರೆಯುವವರು ವಿಷಯ ಸಂಕೇತ 90, ‘ಇಂಟರ್‌ನ್ಯಾಷನಲ್ ಅಂಡ್ ಏರಿಯಾ ಸ್ಟಡೀಸ್’, ಅನ್ನು ಗಮನಿಸಿ. ರಾಜ್ಯಶಾಸ್ತ್ರದ ಸಂಕೇತ ಬೇರೆ, ಪಠ್ಯಕ್ರಮವೂ ಬೇರೆ. ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 37,000 ರೂಪಾಯಿ, ಹಿರಿಯ ಹಂತದಲ್ಲಿ 42,000.

ದುಡ್ಡು ಮತ್ತು ತಾರೀಕು

ಸೋವಾಸ್, ಆಕ್ಸ್‌ಫರ್ಡ್, ರೆಡಿಂಗ್ ಮೂರಕ್ಕೆ ಭಾರತೀಯರಿಗೆಂದೇ ಫೆಲಿಕ್ಸ್ ವಿದ್ಯಾರ್ಥಿವೇತನವಿದೆ. ಹೊರದೇಶದಲ್ಲಿ ಆಗಲೇ ಪದವಿ ಪಡೆದವರಿಗೆ ಅದು ಇಲ್ಲ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಯ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. 2022ರಲ್ಲಿ ಅದರ ನಿಯಮ ಬದಲಾಗಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಕೈಬಿಡಲಾಯಿತು. ಆ ನಿಯಮದ ನ್ಯಾಯ ಅನ್ಯಾಯದ ಮಾತು ಬೇರೆ. ನಿಮಗೆ ತಿಳಿದಿರಬೇಕಾದದ್ದು ಇಷ್ಟು: ಕೀನ್ಯಾದ ಮೇಲಿನ ವಿಷಯಕ್ಕೆ ಅದು ಅಡ್ಡಿಯಲ್ಲ, ಸಿದ್ದಿಯರ ಮೇಲಿನ ವಿಷಯಕ್ಕೆ ಅಡ್ಡಿಯಾಗಬಹುದು.

ಸೆಪ್ಟೆಂಬರಿನಲ್ಲಿ ಸೇರಬೇಕಾದರೆ ಹಿಂದಿನ ವರ್ಷದ ಜುಲೈನಲ್ಲೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ಮಾರ್ಕ್ಸ್ ಕಾರ್ಡ್ ಕೈಯಲ್ಲಿದೆಯಲ್ಲ ಎಂದು ಸುಮ್ಮನಿದ್ದವರು ಡಿಸೆಂಬರಿನಲ್ಲಿ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾರೆ. ಶಿಫಾರಸು ಪತ್ರ ಬರೆಯುವವರಿಗೆ ಆರು ವಾರ ಮೊದಲೇ ಹೇಳಿ, ಜೊತೆಗೆ ನಿಮ್ಮ ಎರಡು ಸಾಲಿನ ವಿಷಯವನ್ನೂ ಕೊಡಿ. ಇಲ್ಲದಿದ್ದರೆ ‘ಶಿಸ್ತಿನ, ಶ್ರಮಜೀವಿ ವಿದ್ಯಾರ್ಥಿ’ ಎಂಬ ಒಂದೇ ಪತ್ರ ಎಲ್ಲರಿಗೂ ಹೋಗುತ್ತದೆ. ಬ್ರಿಟನ್ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ನಿಗದಿತ ಮೊತ್ತಕ್ಕಿಂತ ಕೆಳಗಿಳಿದರೂ ಲೆಕ್ಕ ಮೊದಲಿನಿಂದ ಶುರು.

ಪತ್ರಾಗಾರದೊಳಗೆ

ನೈರೋಬಿಯ ಕೀನ್ಯಾ ರಾಷ್ಟ್ರೀಯ ಪತ್ರಾಗಾರ ಇರುವುದು ಮೊಯಿ ಅವೆನ್ಯೂದಲ್ಲಿ, ಹಿಂದೆ ಬ್ಯಾಂಕ್ ಇದ್ದ ಕಟ್ಟಡದಲ್ಲಿ. ಅಲ್ಲಿರುವ ಕಲಾಸಂಗ್ರಹ ಜೋಸೆಫ್ ಮುರುಂಬಿ ಅವರದು. ಗೋವಾ ಮೂಲದ ತಂದೆ, ಮಸಾಯಿ ತಾಯಿ, ಶಾಲೆ ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ, 1966ರಲ್ಲಿ ಕೀನ್ಯಾದ ಉಪಾಧ್ಯಕ್ಷ. ಬಳ್ಳಾರಿಯಿಂದ ನೈರೋಬಿಗೆ ಹೋಗುವ ಈ ಎಳೆ ಹಿಡಿದು ಯಾರಾದರೂ ಒಂದು ಪ್ರಬಂಧ ಬರೆಯಬಹುದು.

ಜಂಜಿಬಾರ್ ಇತಿಹಾಸಕ್ಕೆ ಬೇಕಾದದ್ದು ಎಷ್ಟೋ ಮುಂಬೈಯಲ್ಲೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಬ್ರಿಟಿಷ್ ಪ್ರತಿನಿಧಿ ಬಾಂಬೆ ಸರ್ಕಾರಕ್ಕೆ ಬರೆಯುತ್ತಿದ್ದುದರಿಂದ ಆ ಸಂಪುಟಗಳು ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಸೇರಿವೆ. ಲಂಡನ್ನಿಗೆ ಹೋಗುವ ಮೊದಲು ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿ ನೋಡಿ ಬನ್ನಿ.

ಕ್ಯೂನಲ್ಲಿ ‘ಎಫ್‌ಸಿಒ 141’ ಎಂಬ ಸರಣಿಯ ಕಥೆ ತಿಳಿದಿರಲೇಬೇಕು. ವಸಾಹತುಗಳನ್ನು ಬಿಟ್ಟು ಬರುವಾಗ ಬ್ರಿಟಿಷರು ಹೊತ್ತು ತಂದು ಇಂಗ್ಲೆಂಡಿನ ಹ್ಯಾನ್‌ಸ್ಲೋಪ್ ಪಾರ್ಕ್‌ನಲ್ಲಿ ಮುಚ್ಚಿಟ್ಟಿದ್ದ ಕಡತಗಳು 2011ರಲ್ಲಿ, ಕೀನ್ಯಾದ ಮಾವು ಮಾವು ಬಂಡಾಯದ ಕಾಲದ ಬಂಧಿತರು ಬ್ರಿಟನ್ ವಿರುದ್ಧ ಹೂಡಿದ ಮೊಕದ್ದಮೆ ನಡೆಯುವಾಗ ಬಯಲಿಗೆ ಬಂದವು. 2012ರಿಂದ ಓದುಗರಿಗೆ ತೆರೆದವು. ಹಾಗಾಗಿ ಕೀನ್ಯಾದ ತುರ್ತು ಪರಿಸ್ಥಿತಿಯ ಬಗ್ಗೆ ಓದುವ ಯಾವುದೇ ಪುಸ್ತಕದ ಪ್ರಕಟಣೆಯ ವರ್ಷ ಮೊದಲು ನೋಡಿ. 2011ಕ್ಕಿಂತ ಹಿಂದಿನದಾದರೆ ಬರೆದವರಿಗೆ ಈ ಕಡತ ಸಿಕ್ಕಿರಲಿಲ್ಲ.

ಫೋಟೊ ತೆಗೆಯುವ ಕ್ರಮ ಸಣ್ಣ ವಿಷಯದಂತೆ ಕಾಣುತ್ತದೆ, ಕೆಲಸ ಹಾಳಾಗುವುದು ಮಾತ್ರ ಇದರಿಂದಲೇ. ಪ್ರತಿ ಕಡತದ ಮೊದಲ ಫೋಟೊ ಅದರ ರಟ್ಟಿನದಾಗಿರಲಿ, ಸಂಖ್ಯೆ ಕಾಣುವಂತೆ. ಆಮೇಲೆ ಹಾಳೆಯ ಅಂಚಿನ ಪುಟಸಂಖ್ಯೆ ಕತ್ತರಿಸಿಹೋಗದಂತೆ ತೆಗೆಯಿರಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅಧಿಕಾರಿ ಗೀಚಿದ ಷರಾ ಇದ್ದರೆ ಅದನ್ನೂ. ಎಷ್ಟೋ ಸಲ ಟೈಪ್ ಮಾಡಿದ ಪತ್ರಕ್ಕಿಂತ ಆ ಷರಾದಲ್ಲೇ ನಿಜ ಇರುತ್ತದೆ. ಅದೇ ದಿನ ರಾತ್ರಿ ಫೋಲ್ಡರಿಗೆ ಕಡತ ಸಂಖ್ಯೆಯದೇ ಹೆಸರು ಕೊಟ್ಟು ಎರಡು ಕಡೆ ಉಳಿಸಿ. ಸಂಖ್ಯೆ ಇಲ್ಲದ ಎರಡು ಸಾವಿರ ಫೋಟೊ ಅಡಿಟಿಪ್ಪಣಿಗೆ ಬಾರದ ರದ್ದಿ.

ಕ್ಷೇತ್ರಕ್ಕೆ ಹೋಗುವಾಗ

ಪ್ರವಾಸಿ ಅನುಮತಿಯಲ್ಲಿ ಹೋಗಿ ಸಂದರ್ಶನ ಮಾಡಿ ಬರುವುದು ಕಾನೂನು ಮುರಿದಂತೆ, ನಿಮಗೆ ಮಾತು ಕೊಟ್ಟವರಿಗೂ ತೊಂದರೆ. ಕೀನ್ಯಾದಲ್ಲಿ ನಕೋಸ್ಟಿ, ತಾಂಜಾನಿಯಾದಲ್ಲಿ ಕಾಸ್ಟೆಕ್, ಉಗಾಂಡಾದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ರಾಷ್ಟ್ರೀಯ ಮಂಡಳಿ ಸಂಶೋಧನಾ ಪರವಾನಗಿ ಕೊಡುತ್ತವೆ. ಜಂಜಿಬಾರ್‌ಗೆ ತಾಂಜಾನಿಯಾದ ಪರವಾನಗಿ ಸಾಲದು, ಅಲ್ಲಿನದು ಬೇರೆ. ಸ್ಥಳೀಯ ಸಂಸ್ಥೆಯೊಂದು ನಿಮ್ಮನ್ನು ಸೇರಿಸಿಕೊಂಡ ಪತ್ರವೂ, ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ. ಒಂದು ಸಿಗದೆ ಇನ್ನೊಂದಕ್ಕೆ ಅರ್ಜಿ ಮುಂದೆ ಹೋಗುವುದಿಲ್ಲ. ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಪ್ರಮಾಣಪತ್ರ ಜಾರಿಗೆ ಬರುವುದು ಹತ್ತು ದಿನದ ನಂತರ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಅದಿಲ್ಲದೆ ಹಳದಿ ಜ್ವರವಿರುವ ದೇಶಗಳಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆ ಯಾವುದು ಎಂದು ವೈದ್ಯರನ್ನು ಕೇಳಿಯೇ ಹೊರಡಿ.

ಎಂ.ಎ. ಪ್ರಬಂಧಕ್ಕೆ ನಾಲ್ಕರಿಂದ ಆರು ವಾರ, ಹದಿನೈದು ಇಪ್ಪತ್ತು ಸಂದರ್ಶನ ಸಾಕು. ಚೆನ್ನಾಗಿ ಬರುವ ಭಾಷೆಯಲ್ಲೇ ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕೆ ಇಳಿಸಲು ಐದು ಗಂಟೆ ಹಿಡಿಯುತ್ತದೆ. ಐವತ್ತು ಸಂದರ್ಶನ ಮಾಡಿಕೊಂಡು ಬಂದವರು ಅರ್ಧವನ್ನು ಕೇಳದೇ ಪ್ರಬಂಧ ಒಪ್ಪಿಸುತ್ತಾರೆ. ಭೇಟಿಯ ಸಮಯ ಗೊತ್ತುಮಾಡುವಾಗ ಎಚ್ಚರ: ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ‘ಸಾ ನ್ನೆ’ ಎಂದರೆ ಅಕ್ಷರಶಃ ನಾಲ್ಕು ಗಂಟೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಹತ್ತು. ಸಂಜೆ ನಾಲ್ಕಕ್ಕೆ ಹೋದರೆ ಪಾಪ ಅವರು ಕಾದು ಕಾದು ಎದ್ದುಹೋಗಿರುತ್ತಾರೆ.

ಬರೆಯುವಾಗ ಎಡವುವ ಜಾಗ

ಅಂಕಿಅಂಶ ಮೊದಲನೆಯದು. 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಜಿಡಿಪಿಯ ಮೂಲವರ್ಷವನ್ನು 1990ರಿಂದ 2010ಕ್ಕೆ ಬದಲಿಸಿದಾಗ 2013ರ ಜಿಡಿಪಿ ಸುಮಾರು 89 ಶೇಕಡಾ ಹಿಗ್ಗಿತು. ಘಾನಾದಲ್ಲಿ 2010ರಲ್ಲಿ ಹೀಗೇ ಸುಮಾರು 60 ಶೇಕಡಾ. ಯಾರೂ ರಾತ್ರೋರಾತ್ರಿ ಶ್ರೀಮಂತರಾಗಲಿಲ್ಲ, ಹಿಂದೆ ಲೆಕ್ಕಕ್ಕೆ ಸಿಗದಿದ್ದ ಮೊಬೈಲ್, ಸಿನಿಮಾ, ಸಣ್ಣ ವ್ಯಾಪಾರ ಸೇರಿದವು ಅಷ್ಟೆ. ಹಳೆಯ ಸರಣಿಗೆ ಹೊಸ ಸರಣಿ ಅಂಟಿಸಿ ಗ್ರಾಫ್ ಎಳೆದರೆ ಇಲ್ಲದ ಬೆಳವಣಿಗೆ ಕಾಣುತ್ತದೆ. 1999ರಲ್ಲಿ ಶುರುವಾದ ಆಫ್ರೊಬ್ಯಾರೊಮೀಟರ್ ಜನಾಭಿಪ್ರಾಯ ಸಮೀಕ್ಷೆಯ ದತ್ತಾಂಶ ಪುಕ್ಕಟೆ ಸಿಗುತ್ತದೆ, ದೇಶಕ್ಕೆ 1,200 ಅಥವಾ 2,400 ಜನರ ಮಾದರಿ. ಮೊದಲ ಸುತ್ತಿನಲ್ಲಿ 12 ದೇಶ ಮಾತ್ರ ಇದ್ದವು. ಎಲ್ಲ ಸುತ್ತುಗಳ ಸರಾಸರಿ ಹಾಕಿ ‘ಆಫ್ರಿಕನ್ನರ ಅಭಿಪ್ರಾಯ ಬದಲಾಗಿದೆ’ ಅಂದರೆ, ಬದಲಾದದ್ದು ದೇಶಗಳ ಪಟ್ಟಿಯೂ ಆಗಿರಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ‘ಬುಡಕಟ್ಟು’ ಎಂಬ ಪದ. ಯೊರುಬಾ, ಹೌಸಾ, ಇಗ್ಬೊ ಮಾತಾಡುವವರು ಕೋಟಿಗಟ್ಟಲೆ ಜನ, ಪತ್ರಿಕೆ, ವಿಶ್ವವಿದ್ಯಾಲಯ, ಸಾಹಿತ್ಯ ಇರುವವರು. ಕನ್ನಡಿಗರನ್ನು, ತಮಿಳರನ್ನು ಬುಡಕಟ್ಟು ಎಂದು ಕರೆಯದ ನಾವು ಅವರನ್ನು ಹಾಗೆ ಕರೆಯುವುದು ವಸಾಹತು ಅಧಿಕಾರಿಯ ನೋಟವನ್ನೇ ಅನುವಾದಿಸಿದಂತೆ. ಜನ, ಸಮುದಾಯ, ಜನಾಂಗೀಯ ಗುಂಪು, ಸಂದರ್ಭಕ್ಕೆ ಒಪ್ಪುವುದನ್ನು ಬಳಸಿ. ಈ ಗುಂಪುಗಳ ಗಡಿಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ರುವಾಂಡಾದಲ್ಲಿ ಹುಟು, ಟುಟ್ಸಿ ಎಂದು ಗುರುತಿನ ಚೀಟಿಯಲ್ಲಿ ಬರೆಯತೊಡಗಿದ್ದು 1930ರ ದಶಕದ ಬೆಲ್ಜಿಯನ್ ಆಡಳಿತ.

ಕಡೆಯದಾಗಿ ಅಡಿಟಿಪ್ಪಣಿ. ಇಥಿಯೋಪಿಯನ್ನರಿಗೆ ಮನೆತನದ ಹೆಸರಿಲ್ಲ, ಎರಡನೆಯದು ಅಪ್ಪನ ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವವರ ಹಾಗೇ. ಆದ್ದರಿಂದ ಅಲ್ಲಿನ ಪ್ರಧಾನಿ ಅಬಿಯ್ ಅಹ್ಮದ್ ಅವರನ್ನು ‘ಅಬಿಯ್’ ಎಂದೇ ಅಕಾರಾದಿಯಲ್ಲಿ ಸೇರಿಸಿ. ‘ಅಹ್ಮದ್’ ಎಂದು ಸೇರಿಸಿದರೆ ಅವರ ತಂದೆಯನ್ನು ಉಲ್ಲೇಖಿಸಿದಂತಾಗುತ್ತದೆ. ಅಲ್ಲಿನ ಪಂಚಾಂಗಕ್ಕೆ ಹದಿಮೂರು ತಿಂಗಳು, ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಹೊಸ ವರ್ಷದಿಂದ ಡಿಸೆಂಬರ್ ಮುಗಿಯುವವರೆಗಿನ ತಾರೀಕಿಗೆ 7, ಜನವರಿಯಿಂದ ಮುಂದಿನ ಹೊಸ ವರ್ಷದವರೆಗಿನದಕ್ಕೆ 8 ಕೂಡಿಸಬೇಕು. ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪಟ್ಟದಿಂದ ಇಳಿಸಿದ ದಿನ ಅಲ್ಲಿನ ಕಾಗದದಲ್ಲಿ 1967ರ ಮೆಸ್ಕೆರೆಮ್ 2, ನಮಗದು 1974ರ ಸೆಪ್ಟೆಂಬರ್ 12. ಅಡಿಟಿಪ್ಪಣಿಯಲ್ಲಿ ಕಾಗದದ ಮೇಲಿರುವ ತಾರೀಕು ಮೊದಲು ಬರೆಯಿರಿ, ಪರಿವರ್ತಿಸಿದ್ದನ್ನು ಅದರ ಪಕ್ಕ ಕಂಸದಲ್ಲಿಡಿ.